ಹುಳುವಿನ ನಾಲ್ಕು ಜ್ವರಗಳು

ಕಳೆದ ಶ್ರಾವಣದಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಬಂದವಳು ಹಾಜರಿ ಕರೆಯುವಾಗ ಎದ್ದು ನಿಂತು 'ಹುಳ ಹೋಯ್ತು ಸಾರ್' ಎಂದಳು. ಅಷ್ಟೇ. ಕೊರಟಗೆರೆ, ಮಧುಗಿರಿ ಕಡೆ ಪಾಠ ಮಾಡಿದ ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಕೂರಲು ಹೇಳಿ ಮುಂದಿನ ಹೆಸರು ಕರೆದೆ.

ಪಟ್ಟಣದ ಓದುಗರಿಗಾಗಿ ಎರಡು ಮಾತು. ರೇಷ್ಮೆಯವರ ಬಾಯಲ್ಲಿ 'ಒಂದು ಮೊಟ್ಟೆ' ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ಅಂದರೆ ಸುಮಾರು 400-500. ಈ ಹುಡುಗಿಯ ಮನೆಯಲ್ಲಿ ಸಾಕಿದ್ದು 150 ಮೊಟ್ಟೆಯ ಹುಳು. ಅರವತ್ತು ಸಾವಿರಕ್ಕೂ ಹೆಚ್ಚು ಬಾಯಿ. ನೂರು ಮೊಟ್ಟೆಗೆ ಅರವತ್ತು-ಎಪ್ಪತ್ತು ಕಿಲೋ ಗೂಡು ಬಂದರೆ ಒಳ್ಳೆಯ ಬೆಳೆ. ಆ ಗೂಡನ್ನು ಹಿಂದೂಪುರಕ್ಕೋ ಶಿಡ್ಲಘಟ್ಟಕ್ಕೋ ಒಯ್ದು ಮಾರಿ, ಬಂದ ಹಣದಲ್ಲಿ ಅಣ್ಣನ ಡಿಪ್ಲೊಮಾ ಶುಲ್ಕ ಕಟ್ಟಬೇಕೆಂದಿತ್ತು. ಹಣ್ಣಾಗಲು ಇನ್ನೆರಡು ದಿನ ಇದ್ದಾಗ ಹುಳುಗಳೆಲ್ಲ ಊದಿಕೊಂಡು, ತಟ್ಟೆಯ ಅಂಚಿಗೆ ಹರಿದು ಬಂದು, ಹಾಲಿನಂಥ ರಸ ಕಾರಿ ಸತ್ತವು. ನಮ್ಮ ಕಡೆ ಇದಕ್ಕೆ ಹಾಲುತೊಂಡೆ ರೋಗ ಎನ್ನುತ್ತಾರೆ.

ಮಧ್ಯಾಹ್ನ ಊಟದ ಗಂಟೆಯಲ್ಲಿ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. 'ಸಾರ್, ನಮಗೆ ದಡಾರಕ್ಕೆ ಚುಚ್ಚುಮದ್ದು ಹಾಕ್ತಾರಲ್ಲ, ಹುಳಕ್ಕೆ ಯಾಕೆ ಹಾಕಲ್ಲ?' ಇದು ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಗಟ್ಟಿಯಾದದ್ದು. 'ದೊಡ್ಡ ಹುಳಕ್ಕೆ ಶಕ್ತಿ ಜಾಸ್ತಿ, ಚಾಕಿ ಹುಳ ಸೂಕ್ಷ್ಮ ಅಂತಾರೆ. ಹಂಗಾದ್ರೆ ಚಾಕೀಲಿ ಬದುಕಿದ್ದವು ನಾಲ್ಕು ಜ್ವರಾನೂ ದಾಟಿ ಆಮೇಲೆ ಯಾಕೆ ಸತ್ವು?'

ಮೂವತ್ತು ವರ್ಷದ ಹತ್ತಿರ ಜೀವಶಾಸ್ತ್ರ ಹೇಳಿಕೊಟ್ಟಿದ್ದೇನೆ. ಮೊದಲನೆಯದಕ್ಕೆ ಅರ್ಧ ಉತ್ತರ ಕೊಟ್ಟೆ. ಎರಡನೆಯದಕ್ಕೆ 'ಶನಿವಾರ ನಿಮ್ಮ ಮನೆಗೆ ಬರ್ತೀನಿ' ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟ್ರು ಹೇಳುವ ಮಾತು ಅದು.

ನಮ್ಮ ಕಂದಾಯ ಜಿಲ್ಲೆ ತುಮಕೂರು. ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳದು ಬೇರೆಯೇ ಶೈಕ್ಷಣಿಕ ಜಿಲ್ಲೆ. ನನ್ನ ವರ್ಗಾವಣೆಗಳೆಲ್ಲ ಈ ನಾಲ್ಕರೊಳಗೇ ಸುತ್ತಿವೆ. ಕೊರಟಗೆರೆ ಕಡೆ ಜಯಮಂಗಲಿ, ಸುವರ್ಣಮುಖಿ ದಡದಲ್ಲಿ ಅಷ್ಟಿಷ್ಟು ಹಸಿರು. ಮಧುಗಿರಿಯ ಏಕಶಿಲಾ ಬೆಟ್ಟ ದಾಟಿ ಪಾವಗಡದತ್ತ ಹೋದಂತೆ ಕೆಂಪು ನೆಲ, ಕಡಲೆಕಾಯಿ, ಮೂರು ದಿಕ್ಕಿಗೂ ಆಂಧ್ರ. ಅಲ್ಲಿನ ಮಕ್ಕಳು ಮನೆಯಲ್ಲಿ ತೆಲುಗಿನಲ್ಲಿ 'ಪಟ್ಟುಪುರುಗು' ಎನ್ನುತ್ತಾರೆ, ಪರೀಕ್ಷೆಯಲ್ಲಿ ಕನ್ನಡದಲ್ಲಿ 'ರೇಷ್ಮೆಹುಳು' ಎಂದು ಬರೆಯುತ್ತಾರೆ. ಕೊಳವೆಬಾವಿಯಲ್ಲಿ ಒಂದೂವರೆ ಇಂಚು ನೀರು ಬಂದ ಕಡೆಯೆಲ್ಲ ಹಿಪ್ಪುನೇರಳೆ ತೋಟ. ಮಳೆ ನಂಬಿದ ಕಡಲೆಕಾಯಿ ಕೈಕೊಟ್ಟ ವರ್ಷ ಮನೆ ನಡೆಸುವುದು ಹುಳುವೇ.

ಜ್ವರವಲ್ಲದ ಜ್ವರ

ರೇಷ್ಮೆಹುಳುವಿನ ಶಾಸ್ತ್ರೀಯ ಹೆಸರು ಬಾಂಬಿಕ್ಸ್ ಮೋರಿ. ಮೊಟ್ಟೆಯೊಡೆದು ಬಂದಾಗ ಅರ್ಧ ಮಿಲಿಗ್ರಾಮಿನಷ್ಟೂ ತೂಗದ ಕಪ್ಪು ಕೂದಲೆಳೆ. ಇಪ್ಪತ್ತನಾಲ್ಕು-ಇಪ್ಪತ್ತೈದು ದಿನದಲ್ಲಿ ನಾಲ್ಕೈದು ಗ್ರಾಮು. ಹತ್ತು ಸಾವಿರ ಪಟ್ಟು! ಮೂರು ಕಿಲೋ ಹುಟ್ಟಿದ ಮಗು ತಿಂಗಳೊಳಗೆ ಮೂವತ್ತು ಟನ್ ಆದಂತೆ. ಮೈ ಇಷ್ಟು ಬೆಳೆದರೂ ಹೊರಚರ್ಮ ಹಿಗ್ಗುವುದು ಅಲ್ಪಸ್ವಲ್ಪ. ಆದ್ದರಿಂದ ಹುಳು ನಾಲ್ಕು ಬಾರಿ ಹಳೆಯ ಚರ್ಮ ಕಳಚಿ ಹೊಸದನ್ನು ತೊಡುತ್ತದೆ. ನಡುವಿನ ಕಾಲವೇ ಐದು ಹಂತಗಳು. ಮೊದಲೆರಡು ಹಂತದ ಎಳೆಯ ಹುಳುವೇ ಚಾಕಿ ಹುಳು.

ಚರ್ಮ ಬಿಡುವ ಮುನ್ನ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಸುಮಾರು ಒಂದು ದಿನ ಅಲುಗಾಡದೆ ನಿಲ್ಲುತ್ತದೆ. ನೋಡಿದವರಿಗೆ ಕಾಯಿಲೆ ಬಿದ್ದಂತೆಯೇ ಕಾಣುತ್ತದೆ. ನಮ್ಮ ಹಿರಿಯರು ಇದಕ್ಕೆ 'ಜ್ವರ' ಎಂದು ಹೆಸರಿಟ್ಟರು. ಹುಳು ಜ್ವರಕ್ಕೆ ಹೋಯಿತು, ಜ್ವರದಿಂದ ಎದ್ದಿತು ಎನ್ನುವುದು ಇಂದಿಗೂ ರೂಢಿಯ ಮಾತು. ವಿಜ್ಞಾನದ ಮೇಷ್ಟ್ರು ಎದ್ದು 'ಕೀಟ ಶೀತರಕ್ತದ ಪ್ರಾಣಿ, ನಮ್ಮ ಹಾಗೆ ಮೈ ಬಿಸಿ ಮಾಡಿಕೊಂಡು ಜ್ವರ ಬರಿಸಿಕೊಳ್ಳಲಾರದು' ಎಂದು ತಿದ್ದಬಹುದು. ನಾನೂ ಹಿಂದೆ ತಿದ್ದುತ್ತಿದ್ದೆ. ಈಗ ತಿದ್ದುವುದಿಲ್ಲ. ಜ್ವರದ ಮನುಷ್ಯನನ್ನು ಹೇಗೆ ನೋಡಿಕೊಳ್ಳುತ್ತೇವೋ ಹಾಗೆ ನೋಡಿಕೊಳ್ಳಬೇಕಾದ ಹೊತ್ತು ಅದು ಎಂದು ಆ ಪದವೇ ಹೇಳುತ್ತಿದೆ. ಅದು ಎಷ್ಟು ಸರಿಯೆಂಬುದು ಮುಂದೆ ಗೊತ್ತಾಗುತ್ತದೆ.

ಚುಚ್ಚುಮದ್ದು ಏಕಿಲ್ಲ?

ರೋಗಾಣುಗಳ ವಿದ್ಯೆಗೆ ರೇಷ್ಮೆಹುಳುವಿನ ಋಣ ದೊಡ್ಡದು. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಮೊದಲು ತೋರಿಸಿದವರು ಇಟಲಿಯ ಲೋದಿ ಊರಿನ ಅಗಸ್ಟಿನೊ ಬಾಸ್ಸಿ. ಹುಳು ಸತ್ತು ಸುಣ್ಣ ಬಳಿದ ಕಡ್ಡಿಯಂತೆ ಬಿಗಿದುಕೊಳ್ಳುವ ಸುಣ್ಣಕಟ್ಟು ರೋಗವನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿ, ಅದಕ್ಕೆ ಒಂದು ಶಿಲೀಂಧ್ರ ಕಾರಣವೆಂದು 1835ರಲ್ಲಿ ಪ್ರಕಟಿಸಿದರು. ಆ ಬೂಷ್ಟಿಗೆ ಇಂದಿಗೂ ಅವರದೇ ಹೆಸರು: ಬ್ಯೂವೇರಿಯಾ ಬಾಸ್ಸಿಯಾನಾ. ಮೂವತ್ತು ವರ್ಷದ ನಂತರ, 1865ರಲ್ಲಿ, ಲೂಯಿ ಪಾಶ್ಚರ್ ಫ್ರಾನ್ಸಿನ ಅಲೆಸ್‌ಗೆ ಹೋಗಿ ಗಂಟು ರೋಗದ ಬೆನ್ನು ಹತ್ತಿದರು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಬರುತ್ತದೆಂದು ಕಂಡುಕೊಂಡರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊಟ್ಟೆಗೆ ಒಪ್ಪಿಗೆ ಕೊಡುವುದು ಪಾಶ್ಚರ್ ಹಾಕಿಕೊಟ್ಟ ಪದ್ಧತಿ.

ಇವೆಲ್ಲ ರೋಗದ ಕಥೆ. ದೇಹ ರೋಗವನ್ನು ಎದುರಿಸುವ ಕಥೆಯೂ ಒಂದು ಮರಿಯಿಂದಲೇ ಶುರುವಾಯಿತು. ರಷ್ಯಾದ ಮೆಚ್ನಿಕೋವ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಓಡಾಡುವ ಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ನುಂಗುಕೋಶಗಳ ಈ ಶೋಧಕ್ಕೆ 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ನಮ್ಮ ಮೈಯಲ್ಲಿ ಈ ನುಂಗುಕೋಶಗಳ ಜೊತೆಗೆ ಇನ್ನೊಂದು ಪಡೆ ಉಂಟು. ಒಮ್ಮೆ ಕಂಡ ರೋಗಾಣುವಿನ ಗುರುತಿಟ್ಟುಕೊಂಡು, ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸುವ ಪಡೆ. ಚುಚ್ಚುಮದ್ದು ಪಾಠ ಹೇಳುವುದು ಈ ಪಡೆಗೆ. ಹುಳುವಿನಲ್ಲಿ ಪ್ರತಿಕಾಯಗಳಿಲ್ಲ, ಅವನ್ನು ಮಾಡುವ ಕೋಶಗಳೂ ಇಲ್ಲ. ಒಮ್ಮೆ ಸೋಂಕು ಕಂಡ ಕೀಟ ಎರಡನೆಯ ಸಲ ತುಸು ಚುರುಕಾಗುವುದನ್ನು ಕೆಲವು ಪ್ರಯೋಗಗಳಲ್ಲಿ ಕಂಡಿದ್ದಾರೆ, ನಿಜ. ಆದರೆ ಅದು ದಡಾರದ ಚುಚ್ಚುಮದ್ದಿನಂಥ ಗಟ್ಟಿ ನೆನಪಲ್ಲ. ಅಲ್ಲದೆ ಇಪ್ಪತ್ತೈದು ದಿನದ ಬಾಳಿಗೆ ಅರವತ್ತು ಸಾವಿರ ಹುಳುವಿಗೆ ಸೂಜಿ ಚುಚ್ಚುವವರು ಯಾರು? ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಇಷ್ಟು.

ಹಾಗೆಂದು ಹುಳು ನಿರಾಯುಧವಲ್ಲ. ಸ್ವೀಡನ್ನಿನ ಹನ್ಸ್ ಬೊಮನ್ ಮತ್ತು ಸಂಗಡಿಗರು ಸೆಕ್ರೋಪಿಯಾ ಎಂಬ ದೊಡ್ಡ ರೇಷ್ಮೆ ಪತಂಗದ ನಿದ್ರಿಸುತ್ತಿದ್ದ ಕೋಶಕ್ಕೆ ಬ್ಯಾಕ್ಟೀರಿಯಾ ಚುಚ್ಚಿ, ಆಮೇಲೆ ಅದರ ರಕ್ತವನ್ನು ಪರೀಕ್ಷಿಸಿದರು. ರಕ್ತವೇ ಬ್ಯಾಕ್ಟೀರಿಯಾ ಕೊಲ್ಲುವ ಔಷಧವಾಗಿತ್ತು. ಅದರಲ್ಲಿದ್ದ ಪುಟ್ಟ ಪ್ರೋಟೀನಿಗೆ ಸೆಕ್ರೋಪಿನ್ ಎಂದು ಹೆಸರಿಟ್ಟು 1981ರಲ್ಲಿ ಪ್ರಕಟಿಸಿದರು. ನಮ್ಮ ರೇಷ್ಮೆಹುಳುವಿನಲ್ಲೂ ಸೆಕ್ರೋಪಿನ್ ಇದೆ. ಅದರದೇ ಹೆಸರಿನ 'ಮೋರಿಸಿನ್' 1995ರಲ್ಲಿ ಸಿಕ್ಕಿತು. ಮರುವರ್ಷ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ, 'ಟೋಲ್' ಎಂಬ ಜೀನ್ ಕೆಟ್ಟ ಹಣ್ಣಿನ ನೊಣಗಳು ಬೂಷ್ಟು ಹಿಡಿದು ಸಾಯುತ್ತವೆಂದು ತೋರಿಸಿತು. ಅದೇ ಬಗೆಯ ಕಾವಲುಗಾರರು ಮನುಷ್ಯನ ಮೈಯಲ್ಲೂ ಇದ್ದಾರೆಂದು ಬೇಗನೆ ತಿಳಿಯಿತು. ಹಾಫ್‌ಮನ್ನರಿಗೆ 2011ರ ನೊಬೆಲ್.

ಮೂರು ಗೋಡೆ

ಕೋಟೆಯ ಊರಾದ ಮಧುಗಿರಿಯ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಹುಳುವಿಗೂ ಸುತ್ತಿನ ಮೇಲೆ ಸುತ್ತು ಗೋಡೆ.

ಮೊದಲನೆಯದು ಹೊರಚರ್ಮ. ಮೇಣದ ಲೇಪವಿರುವ, ಕೈಟಿನ್ ಎಂಬ ಗಟ್ಟಿ ವಸ್ತುವಿನ ಪದರ. ಸುಣ್ಣಕಟ್ಟಿನ ಬೂಷ್ಟಿಗೆ ಬಾಯಿಯ ಮೂಲಕ ಬರುವ ಅಗತ್ಯವಿಲ್ಲ. ಅದರ ಬೀಜಕಣ ಚರ್ಮದ ಮೇಲೇ ಮೊಳೆತು, ಕೊರೆದು ಒಳಗಿಳಿಯುತ್ತದೆ. ಎಳೆಯ ಹುಳುವಿನ ಚರ್ಮ ತೆಳು, ದೊಡ್ಡದರದು ದಪ್ಪ. ಆದರೆ ಆಗತಾನೆ ಜ್ವರದಿಂದ ಎದ್ದ ಹುಳು ಯಾವ ಹಂತದ್ದಾದರೂ ಅದರ ಚರ್ಮ ಮೆತ್ತಗೆ, ಸುಕ್ಕು ಸುಕ್ಕು.

ಎರಡನೆಯದು ಕರುಳು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜಠರದಲ್ಲಿ ಆಮ್ಲವಿದ್ದರೆ ರೇಷ್ಮೆಹುಳುವಿನ ನಡುಗರುಳಿನಲ್ಲಿ ಪ್ರಬಲ ಕ್ಷಾರ. ಪಿಎಚ್ ಹತ್ತರ ಆಸುಪಾಸು. ಕೆಂಪು ಲಿಟ್ಮಸ್ ಕಣ್ಣೆದುರೇ ನೀಲಿಯಾಗುತ್ತದೆ. ಅನೇಕ ಬ್ಯಾಕ್ಟೀರಿಯಾಗಳು ಈ ಕ್ಷಾರದಲ್ಲಿ ಬಾಳವು. ಕರುಳಿನ ಒಳಮೈಗೆ ಕೋಶಗಳನ್ನು ಸೊಪ್ಪಿನ ಚೂರುಗಳಿಂದ ಬೇರ್ಪಡಿಸುವ ಒಂದು ತೆಳು ಪೊರೆಯೂ ಉಂಟು, ಹಾಲು ಸೋಸುವ ಬಟ್ಟೆಯ ಹಾಗೆ. ಇನ್ನೂ ಒಂದು ಸೋಜಿಗವಿದೆ. ತಿಂದ ಸೊಪ್ಪಿನ ಹಸಿರು ಬಣ್ಣವನ್ನೇ ಬಳಸಿಕೊಂಡು ಕರುಳಿನಲ್ಲಿ ಒಂದು ಕೆಂಪು ಹೊಳಪಿನ ಪ್ರೋಟೀನು ತಯಾರಾಗುತ್ತದೆ. ಅದು ವೈರಸ್ಸನ್ನು ಕಟ್ಟಿಹಾಕುತ್ತದೆಂದು ಜಪಾನಿನ ವಿಜ್ಞಾನಿಗಳು ಕಂಡುಕೊಂಡರು. ಒಳ್ಳೆಯ ಸೊಪ್ಪು ಹಾಕಿ ಎಂದು ಹಿರಿಯರು ಹೇಳುವುದು ಬರೀ ಹೊಟ್ಟೆಯ ಮಾತಲ್ಲ.

ಆದರೆ ಕಳ್ಳನೂ ಕೋಟೆಯನ್ನು ಅಭ್ಯಾಸ ಮಾಡಿದ್ದಾನೆ. ಹಾಲುತೊಂಡೆಯ ವೈರಸ್ಸು ಒಂಟಿಯಾಗಿ ಬರುವುದಿಲ್ಲ. ಪ್ರೋಟೀನಿನ ಹರಳಿನ ಪೆಟ್ಟಿಗೆಯೊಳಗೆ ಗುಂಪಾಗಿ ಕುಳಿತು ಬರುತ್ತದೆ. ಈ ಹರಳು ಮಣ್ಣಿನಲ್ಲಿ, ಗೋಡೆಯ ಬಿರುಕಿನಲ್ಲಿ, ಸೂರಿನ ಧೂಳಿನಲ್ಲಿ ವರ್ಷಗಟ್ಟಲೆ ಕೆಡದೆ ಕಾಯಬಲ್ಲದು. ಸೊಪ್ಪಿನ ಜೊತೆ ಹೊಟ್ಟೆಗಿಳಿದಾಗ ಯಾವ ಕ್ಷಾರ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಿತ್ತೋ ಅದೇ ಕ್ಷಾರ ಪೆಟ್ಟಿಗೆಯನ್ನು ಕರಗಿಸಿ ವೈರಸ್ಸನ್ನು ಬಿಡುಗಡೆ ಮಾಡುತ್ತದೆ! ಕೋಟೆಯ ಬೀಗವೇ ಕಳ್ಳನ ಕೀಲಿಕೈ.

ಇಲ್ಲಿಯೇ ವಯಸ್ಸಿನ ಮಾತು ಬರುವುದು. ಬಾಯಿಯ ಮೂಲಕ ವೈರಸ್ಸು ಕೊಟ್ಟು ನೋಡಿದರೆ, ಹೊಸದಾಗಿ ಒಡೆದ ಮರಿಯನ್ನು ಕೊಲ್ಲುವ ಪ್ರಮಾಣಕ್ಕೂ ಐದನೆಯ ಹಂತದ ಹುಳುವನ್ನು ಕೊಲ್ಲುವ ಪ್ರಮಾಣಕ್ಕೂ ಸಾವಿರಾರು ಪಟ್ಟು ವ್ಯತ್ಯಾಸ. ಅದೇ ವೈರಸ್ಸನ್ನು ಸೂಜಿಯಿಂದ ನೇರ ರಕ್ತಕ್ಕೆ ಹಾಕಿದರೆ ಈ ವ್ಯತ್ಯಾಸ ಬಹುಪಾಲು ಕುಗ್ಗಿಬಿಡುತ್ತದೆ. ಅಂದರೆ ದೊಡ್ಡ ಹುಳುವಿನ ಬಲ ಹೆಚ್ಚಾಗಿ ಇರುವುದು ಕರುಳಿನ ಗೋಡೆಯಲ್ಲಿ. ಸೋಂಕು ತಗುಲಿದ ಕರುಳಿನ ಕೋಶಗಳನ್ನು, ವೈರಸ್ಸು ಒಳಗೆ ದಾಟುವ ಮೊದಲೇ, ಕಳಚಿ ಹಿಕ್ಕೆಯೊಂದಿಗೆ ಹೊರಹಾಕುವ ಉಪಾಯವೂ ಕಂಬಳಿಹುಳುಗಳಲ್ಲಿ ಉಂಟು.

ಮೂರನೆಯದು ರಕ್ತ. ತಿಳಿ ಹಳದಿ ಬಣ್ಣದ ಈ ದ್ರವದಲ್ಲಿ ಐದು ಬಗೆಯ ಕೋಶಗಳಿವೆ. ಕೆಲವು ನುಂಗುತ್ತವೆ, ಕೆಲವು ದೊಡ್ಡ ಶತ್ರುವನ್ನು ಪದರ ಪದರವಾಗಿ ಸುತ್ತಿ ಉಸಿರುಕಟ್ಟಿಸುತ್ತವೆ, ಒಂದು ಬಗೆಯದು ರಕ್ತವನ್ನು ಕಪ್ಪಾಗಿಸುವ ಕಿಣ್ವವನ್ನು ಹೊತ್ತಿರುತ್ತದೆ. ಹುಳು ಬೆಳೆದಂತೆ ಒಟ್ಟಾರೆ ಈ ಕೋಶಗಳೂ ಹೆಚ್ಚುತ್ತವೆ. ಮೋರಿಸಿನ್‌ನಂಥ ಔಷಧಗಳನ್ನು ತಯಾರಿಸುವ ಕೊಬ್ಬಿನ ಅಂಗವೂ ದೊಡ್ಡದಾಗುತ್ತದೆ. ಗಾಯಗೊಂಡ ಹುಳುವಿನ ರಕ್ತದ ಹನಿಯೊಂದನ್ನು ಬಿಳಿ ಪಿಂಗಾಣಿ ಬಿಲ್ಲೆಯ ಮೇಲಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಜಾತಿಯ ರಾಸಾಯನಿಕ ಕ್ರಿಯೆ. ಅಡಿಗೆಮನೆಯಲ್ಲಿ ನೀರಿಗೆ ಹಾಕಿ ನಾವು ತಡೆಯುವುದನ್ನು ಹುಳು ಗಾಯ ಮುಚ್ಚಲು ಬಳಸುತ್ತದೆ.

ಈಗ ಜ್ವರಕ್ಕೆ ಮರಳೋಣ. ಜ್ವರದಲ್ಲಿ ಕಳಚುವುದು ಬೆನ್ನ ಮೇಲಿನ ಚರ್ಮವೊಂದೇ ಅಲ್ಲ. ಬಾಯಿಯ ಹಿಂದಿನ ಗಂಟಲ ಭಾಗದ ಒಳಪದರ, ಹಿಂಗರುಳಿನ ಒಳಪದರ, ಉಸಿರುನಳಿಕೆಗಳ ಒಳಪದರ ಎಲ್ಲವೂ ಕಳಚುತ್ತವೆ. ಕರುಳಿನ ಪೊರೆಯೂ ಹೊಸದಾಗಬೇಕು. ಮೂರು ಗೋಡೆಗಳಲ್ಲಿ ಎರಡನ್ನು ಒಮ್ಮೆಗೇ ಕೆಡವಿ ಕಟ್ಟುತ್ತಿರುವ ಕೋಟೆ! ಅದಕ್ಕೇ ಎದ್ದ ಹುಳು ಅದೇ ಹಂತದ ನಡುವಿನ ದಿನಗಳ ಹುಳುವಿಗಿಂತ ಸುಲಭವಾಗಿ ಸೋಂಕಿಗೆ ತುತ್ತಾಗುತ್ತದೆ. ಬಲ ಹಂತದಿಂದ ಹಂತಕ್ಕೆ ಏರುತ್ತದೆ, ದಿಟ. ಆದರೆ ನೇರ ಏಣಿಯಂತೆ ಅಲ್ಲ. ಪ್ರತಿ ಜ್ವರದಲ್ಲೂ ಒಂದು ಹಳ್ಳಕ್ಕಿಳಿದು ಹತ್ತುತ್ತದೆ.

ಕ್ಯಾಲೆಂಡರಿನ ಲೆಕ್ಕ

ಆ ಶನಿವಾರ ಹುಡುಗಿಯ ಮನೆಗೆ ಹೋದೆ. ತಾಯಿ ಹುಳುಮನೆ ತೊಳೆಯುತ್ತಿದ್ದರು. 'ಕುಂತ್ಕಳಿ ಮೇಷ್ಟ್ರೇ' ಎಂದು ಚಾಪೆ ಹಾಸಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಹುಳು ತಂದ ದಿನ, ಜ್ವರದ ದಿನ ಎಲ್ಲಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಇಂದು ಹೆಚ್ಚಿನವರು ಮಾಡುವಂತೆ ಇವರೂ ಚಾಕಿ ಸಾಕಾಣಿಕೆ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳುವನ್ನೇ ತಂದಿದ್ದರು. ಬಹಳ ಸೂಕ್ಷ್ಮವಾದ ಮೊದಲ ಎಂಟು ಹತ್ತು ದಿನವನ್ನು ಶುಚಿಯಾದ ಒಂದೇ ಜಾಗದಲ್ಲಿ, 27-28 ಡಿಗ್ರಿ ಶಾಖ, ತುಂಬು ತೇವದಲ್ಲಿ ಕಳೆಯಿಸುವುದೇ ಆ ಕೇಂದ್ರಗಳ ಉದ್ದೇಶ.

ನಾನೂ ಹುಡುಗಿಯೂ ಕ್ಯಾಲೆಂಡರನ್ನು ಹಿಂದಿನಿಂದ ಮುಂದಕ್ಕೆ ಎಣಿಸಿದೆವು. ಹುಳು ರಾಶಿ ರಾಶಿಯಾಗಿ ಸತ್ತದ್ದು ಮನೆಗೆ ಬಂದ 16ನೇ ದಿನ, ಅಂದರೆ ಐದನೇ ಹಂತದ ಆರನೇ ದಿನ. ವೈರಸ್ಸು ಹೊಕ್ಕ ಮೇಲೆ ಹುಳು ಸಾಯಲು ಸಾಮಾನ್ಯವಾಗಿ ಐದಾರು ದಿನ ಬೇಕು. ಆರು ದಿನ ಹಿಂದೆ ಸರಿದರೆ ಬೆರಳು ನಿಂತದ್ದು ನಾಲ್ಕನೇ ಜ್ವರ ಎದ್ದ ಬೆಳಗಿನ ಮೇಲೆ.

'ಅದಕ್ಕೂ ಮುಂಚೆ ಒಂದೂ ಸತ್ತಿರಲಿಲ್ವಾ?' ಎಂದು ಕೇಳಿದೆ.

ತಾಯಿ ನೆನೆಸಿಕೊಂಡರು. 'ನಾಲ್ಕನೇ ಜ್ವರಕ್ಕೆ ಹೋಗೋ ಮುಂಚೆ ಅಲ್ಲೊಂದು ಇಲ್ಲೊಂದು ಊದಿದ್ವು ಮೇಷ್ಟ್ರೇ. ಆಯ್ದು ತಿಪ್ಪೆಗೆ ಹಾಕ್ದೆ. ಕೋಳಿ ತಿಂದ್ವು. ಹತ್ತು ಹದಿನೈದು ಹುಳಕ್ಕೆ ಯಾರು ತಲೆ ಕೆಡಿಸ್ಕೋತಾರೆ?'

ಊದಿದ ಹುಳು ಕಂಡದ್ದು 8-9ನೇ ದಿನ. ಅಲ್ಲಿಂದ ಮತ್ತೆ ನಾಲ್ಕೈದು ದಿನ ಹಿಂದೆ ಹೋದರೆ ಮೂರನೇ ಜ್ವರ. ಕೊಂಡಿ ಕೂಡಿತು. ಹಿಂದಿನ ಬೆಳೆಯ ಧೂಳಿನಲ್ಲಿ ಉಳಿದಿದ್ದ ಕೆಲವೇ ಹರಳುಗಳು ಮೂರನೇ ಜ್ವರದ ಆಸುಪಾಸಿನಲ್ಲಿ ಕೆಲವೇ ಹುಳುಗಳಿಗೆ ಸಿಕ್ಕಿವೆ. ಅವು ಹಾಸಿಗೆಯ ಮೇಲೆ ಒಡೆದಾಗ ಒಂದೊಂದರಿಂದಲೂ ಕೋಟಿಗಟ್ಟಲೆ ಹರಳು ಸೊಪ್ಪಿನ ಮೇಲೆ ಚೆಲ್ಲಿವೆ. ಕೋಳಿ ತಿಂದವು ಅದರ ಹಿಕ್ಕೆಯಲ್ಲಿ ಅಂಗಳಕ್ಕೆ, ಅಂಗಳದಿಂದ ಕಾಲಿಗೆ, ಕಾಲಿನಿಂದ ಹುಳುಮನೆಗೆ ಬಂದಿರಲೂಬಹುದು. ಹುಳು ನಾಲ್ಕನೇ ಜ್ವರದಿಂದ ಎದ್ದು, ಗೋಡೆ ಇನ್ನೂ ಹಸಿಯಾಗಿದ್ದಾಗಲೇ, ಹಸಿದು ಅದೇ ಸೊಪ್ಪಿಗೆ ಬಾಯಿ ಹಾಕಿದೆ. ದೊಡ್ಡ ಹುಳುವಿಗೆ ಸಾವಿರಾರು ಪಟ್ಟು ಬಲವಿತ್ತು, ಸರಿಯೇ. ಅದರ ಮುಂದೆ ಬಂದ ವೈರಸ್ಸೂ ಅಷ್ಟೇ ಪಟ್ಟು ಹೆಚ್ಚಿತ್ತು. ಸತ್ತದ್ದು ಐದನೇ ಹಂತದಲ್ಲಿ, ಸೋಂಕು ಮಾತ್ರ ಜ್ವರದ ಬಾಗಿಲಿನಿಂದ.

ಹುಡುಗಿ ಸುಮ್ಮನೆ ಕ್ಯಾಲೆಂಡರನ್ನೇ ನೋಡುತ್ತಿದ್ದಳು. ತಾಯಿ ಕೇಳಿದರು, 'ಹುಳ ತರೋ ಮುಂಚೆ ಮನೆಗೆ ಬ್ಲೀಚಿಂಗ್ ಪುಡಿ ಹೊಡ್ದಿದ್ವಲ್ಲ?' ಪುಡಿಯ ಡಬ್ಬ ತೋರಿಸಿದರು. ಮುಚ್ಚಳ ಸಡಿಲ, ಒಳಗೆ ಗಂಟು ಗಂಟು. ಮೂಸಿದೆ, ಘಾಟೇ ಇಲ್ಲ. ಹತ್ತನೇ ತರಗತಿಯ ರಸಾಯನಶಾಸ್ತ್ರ ಓದಿದವರಿಗೆ ಗೊತ್ತು, ಬ್ಲೀಚಿಂಗ್ ಪುಡಿಯ ಜೀವ ಇರುವುದು ಅದು ಬಿಡುವ ಕ್ಲೋರಿನ್‌ನಲ್ಲಿ. ಗಾಳಿ, ತೇವಕ್ಕೆ ಬಿಟ್ಟರೆ ಕ್ಲೋರಿನ್ ಹೋಗಿ ಉಳಿಯುವುದು ಸುಣ್ಣದಂಥ ಪುಡಿ. ಆ ಪಾಠವನ್ನು ನಾನು ಎಷ್ಟು ಸಲ ಮಾಡಿಲ್ಲ! ಒಂದು ಸಲವೂ ಹುಳುಮನೆಯ ಹೆಸರೆತ್ತಿರಲಿಲ್ಲ. ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಹುಳು ಸಾಕುವ ಮನೆಯವರು.

ಜ್ವರದಿಂದ ಏಳುವ ಹುಳುವಿನ ಮೇಲೆ ಸೋಂಕುನಾಶಕ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಹಾಕಬೇಕೆಂದು ರೇಷ್ಮೆ ಇಲಾಖೆಯವರು ಹೇಳುವುದುಂಟು. 1961ರಲ್ಲಿ ಶುರುವಾದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರು ರೂಪಿಸಿದ 'ವಿಜೇತ' ಪುಡಿಯ ವೇಳಾಪಟ್ಟಿಯನ್ನು ನೋಡಿ: ಪ್ರತಿ ಜ್ವರ ಎದ್ದಾಗ ಒಂದು ಸಲ, ಐದನೇ ಹಂತದ ನಾಲ್ಕನೇ ದಿನ ಒಂದು ಸಲ. ಅದು ಯಾರೋ ಹಾಗೇ ಬರೆದಿಟ್ಟ ಪಟ್ಟಿಯಲ್ಲ. ಜ್ವರದ ಹೊತ್ತಿನಲ್ಲಿ ಹಾಸಿಗೆಗೆ ಸುಣ್ಣ ಹಾಕಿ ಒಣಗಿಸುವುದೂ ಇದೇ ಕಾರಣಕ್ಕೆ. ಬೂಷ್ಟಿಗೆ ತೇವ ಬೇಕು, ಹುಳುವಿಗೆ ಆಗ ಸೊಪ್ಪು ಬೇಡ.

ಕಪ್ಪು ಚುಕ್ಕೆ

ಐದನೇ ಹಂತದ ದಪ್ಪ ಹುಳುವೂ ಸೋಲುವ ಒಬ್ಬ ಶತ್ರು ಇದ್ದಾನೆ, ಊಜಿ ನೊಣ. ಬಂಗಾಳದ ಕಡೆಯದಾದ ಇದು 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬಂದು ಚರ್ಮ ಕೊರೆದು ಒಳಹೋಗುತ್ತದೆ. ಆ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಸಾಕಿದವರಿಗೆಲ್ಲ ಅದು ಊಜಿಯ ಗುರುತು. ನಿಜವಾಗಿ ನೋಡಿದರೆ ಅದು ಹುಳುವಿನ ಸಹಿ: ರಕ್ತ ಕಪ್ಪಾಗಿಸಿ, ಕೋಶಗಳಿಂದ ಸುತ್ತಿ, ಶತ್ರುವನ್ನು ಹೂಳಲು ಹುಳು ಮಾಡಿದ ಪ್ರಯತ್ನ. ಊಜಿಯ ಮರಿ ಎಂಥ ಕಿಲಾಡಿಯೆಂದರೆ, ತನ್ನ ಸುತ್ತ ಕಟ್ಟಿದ ಈ ಕಪ್ಪು ಗೂಡನ್ನೇ ಆಲಿಕೆಯಂತೆ ಬಳಸಿಕೊಂಡು, ಹಿಂಭಾಗವನ್ನು ಚರ್ಮದ ತೂತಿಗಿಟ್ಟು ಹೊರಗಿನ ಗಾಳಿ ಉಸಿರಾಡುತ್ತದೆ. ಸಮಾಧಿಯನ್ನೇ ಕಿಟಕಿ ಮಾಡಿಕೊಳ್ಳುವ ಪ್ರಾಣಿ! ಇದಕ್ಕೆ ಹುಳುವಿನ ಬಲ ನೆಚ್ಚಿ ಕೂರುವಂತಿಲ್ಲ. ಕಿಟಕಿ ಬಾಗಿಲಿಗೆ ನೈಲಾನ್ ಪರದೆಯೇ ಗತಿ.

ತಳಿಯ ಮಾತನ್ನೂ ಹೇಳಬೇಕು. ನಮ್ಮ ಹಳೆಯ ಮೈಸೂರು ತಳಿ ಸಣ್ಣ ಗೂಡಿನದು, ಆದರೆ ಗಟ್ಟಿಜೀವ. ಬಿಳಿ ಗೂಡಿನ ದ್ವಿತಳಿ ಹೆಚ್ಚು ನೂಲು ಕೊಡುತ್ತದೆ, ಬೇಸಿಗೆಯ ಸೆಕೆಗೂ ರೋಗಕ್ಕೂ ಬೇಗ ಬಾಗುತ್ತದೆ. ಲಾಭದ ದೃಷ್ಟಿಯಿಂದ ದ್ವಿತಳಿಗೇ ನನ್ನ ಮತ. ಆದರೆ ಗಾಳಿ ಬಾರದ ತಗಡಿನ ಮಾಡಿನ ಕೆಳಗೆ ಏಪ್ರಿಲಿನಲ್ಲಿ ಅದನ್ನು ಸಾಕಲು ಹೊರಟವರನ್ನು ಕಂಡಾಗ ಸಂಕಟವಾಗುತ್ತದೆ.

ಕಡಲೆಕಾಯಿ ಹೊಲದಲ್ಲಿ

ಹುಳು ಬದುಕಬೇಕೆನ್ನುವವರಿಗೆ ತಿಳಿದಿರಬೇಕಾದ ಇದೇ ವಿದ್ಯೆ, ಹುಳು ಸಾಯಬೇಕೆನ್ನುವವರಿಗೂ ಬೇಕು. ಪಾವಗಡ, ಶಿರಾ ಕಡೆ ಮುಂಗಾರಿನ ಮೊದಲ ಹದ ಮಳೆ ಬಿದ್ದ ರಾತ್ರಿ ದೀಪಕ್ಕೆ ಪತಂಗಗಳು ಮುಗಿಬೀಳುವುದನ್ನು ನೋಡಿದ್ದೀರಿ. ಅವುಗಳಲ್ಲಿ ಹಲವು ಕೆಂಪು ತಲೆ ಕಂಬಳಿಹುಳುವಿನವು. ನೆಲದೊಳಗೆ ತಿಂಗಳುಗಟ್ಟಲೆ ಮಲಗಿದ್ದು ಮಳೆಗೆ ಎದ್ದು ಬರುತ್ತವೆ. ಮರಿಗಳು ಮೊದಲು ಎಲೆಯಡಿ ಗುಂಪಾಗಿರುತ್ತವೆ. ದೊಡ್ಡವಾದ ಮೇಲೆ ಹೊಲದಿಂದ ಹೊಲಕ್ಕೆ ದಂಡೆತ್ತಿ ನಡೆಯುತ್ತವೆ. ಆಗ ಏನು ಸಿಂಪಡಿಸಿದರೂ ಅಷ್ಟಕ್ಕಷ್ಟೆ. ರೈತರು 'ಔಷಧಿ ಡೂಪ್ಲಿಕೇಟು' ಎಂದು ಅಂಗಡಿಯವನನ್ನು ಬಯ್ಯುತ್ತಾರೆ. ಎಷ್ಟೋ ಸಲ ತಪ್ಪಿರುವುದು ಔಷಧಿಯದಲ್ಲ, ತಾರೀಖಿನದು.

ತೊಗರಿಯ ಕಾಯಿಕೊರಕಕ್ಕೆ ಎನ್.ಪಿ.ವಿ. ಎಂಬ ವೈರಸ್ ದ್ರಾವಣ ಸಿಂಪಡಿಸುತ್ತಾರೆ. ಅದು ಹಾಲುತೊಂಡೆಯ ವೈರಸ್ಸಿನ ದಾಯಾದಿ. ಸಣ್ಣ ಹುಳುವಿರುವಾಗಲೇ, ಸಂಜೆಯ ಹೊತ್ತು ಸಿಂಪಡಿಸಿ ಎನ್ನುತ್ತಾರೆ. ಸಂಜೆ ಏಕೆಂದರೆ ಬಿಸಿಲಿನ ಅತಿನೇರಳೆ ಕಿರಣ ವೈರಸ್ಸನ್ನು ಕೊಲ್ಲುತ್ತದೆ. ಸಣ್ಣ ಹುಳು ಏಕೆಂಬುದನ್ನು ಈಗ ನೀವೇ ಹೇಳಬಲ್ಲಿರಿ. ಆ ವೈರಸ್ಸು ರೇಷ್ಮೆಹುಳುವಿಗೆ ತಗುಲುವುದಿಲ್ಲ. ಆದರೆ ಬಿ.ಟಿ. ಬ್ಯಾಕ್ಟೀರಿಯಾದ ಸಿಂಪಡಣೆ ಹಾಗಲ್ಲ. ಅದರ ವಿಷದ ಹರಳೂ ಕ್ಷಾರದ ಕರುಳಿನಲ್ಲಿ ಕರಗುವಂಥದೇ. 1901ರಲ್ಲಿ ಜಪಾನಿನ ಇಷಿವಾಟ ಆ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದೇ ರೇಷ್ಮೆಹುಳುವಿನ 'ಸೊಟ್ಟೋ' ರೋಗದಲ್ಲಿ. (ನಮ್ಮ ಸೊಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ, ಮಕ್ಕಳು ನಗಬಾರದು.) ಹಿಪ್ಪುನೇರಳೆ ತೋಟದ ಪಕ್ಕದ ಹೊಲದವರು ಬಿ.ಟಿ. ಸಿಂಪಡಿಸುವ ಮೊದಲು ಒಂದು ಮಾತು ಹೇಳಿದರೆ ನೆರೆಯವನ ಬೆಳೆ ಉಳಿಯುತ್ತದೆ.

ಐದನೇ ಹಂತ ಮುಗಿದ ಹಣ್ಣು ಹುಳು ಚಂದ್ರಿಕೆ ಏರುವ ಮುನ್ನ ಹೊಟ್ಟೆಯನ್ನೆಲ್ಲ ಖಾಲಿ ಮಾಡುತ್ತದೆ. ಇನ್ನು ಗೂಡಿನೊಳಗೆ ಕರುಳೇ ಕಳಚಿ ಹೊಸದಾಗಬೇಕು. ಅಷ್ಟು ದೊಡ್ಡ ರಿಪೇರಿಯಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಮೈಯೊಳಗೆ ನುಗ್ಗಿದರೆ? ತಂಬಾಕಿನ ಕೊಂಬುಹುಳುವಿನಲ್ಲಿ ಇದನ್ನು ನೋಡಿದ್ದಾರೆ. ಕೋಶಾವಸ್ಥೆಗೆ ಹೋಗುವ ಹೊತ್ತಿಗೆ ಕರುಳಿನ ಗೋಡೆ ಮೊದಲೇ ಕೂಡಿಟ್ಟ ಬ್ಯಾಕ್ಟೀರಿಯಾನಾಶಕಗಳನ್ನು ಒಳಗೆ ಸುರಿಯುತ್ತದೆ, ಶತ್ರು ಬರುವ ಮೊದಲೇ. ಹಣ್ಣಿನ ನೊಣದ ಮರಿಯಲ್ಲಿ ರಕ್ಷಣೆಯ ಚುರುಕು ಹೆಚ್ಚಿಸುವುದು ಪೊರೆ ಬಿಡಿಸುವ ಹಾರ್ಮೋನಾದ ಎಕ್ಡೈಸೋನೇ. ಗೋಡೆ ಕೆಡವಲು ಹೇಳುವ ಮೇಸ್ತ್ರಿಯೇ ಕಾವಲಿನವರನ್ನೂ ಕರೆಸಿದ ಹಾಗೆ.

ಕಾರ್ತಿಕದಲ್ಲಿ ಆ ಹುಡುಗಿಯ ಮನೆಯವರು ಮತ್ತೆ ನೂರು ಮೊಟ್ಟೆಯ ಹುಳು ತಂದರು. ಅಣ್ಣ ಸಾಲ ಮಾಡಿ ಮೊದಲ ಕಂತಿನ ಶುಲ್ಕ ಕಟ್ಟಿದ್ದ. ಆ ದಾರಿಯಲ್ಲಿ ಹೋಗುತ್ತಿದ್ದ ನಾನು ಹುಳು ನೋಡೋಣವೆಂದು ಹುಳುಮನೆಯ ಕಡೆ ನಡೆದೆ. ಬಾಗಿಲಲ್ಲಿ ಗೋಣಿಚೀಲ, ಅದರ ಮೇಲೆ ಘಾಟು ಹೊಡೆಯುವ ಬ್ಲೀಚಿಂಗ್ ನೀರು. ಕೋಳಿಗೂಡು ಹಿತ್ತಿಲಿನ ಆ ತುದಿಗೆ ಹೋಗಿತ್ತು. ಒಳಗಿನಿಂದ ಹುಡುಗಿ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

'ಸಾರ್, ನಾಲ್ಕನೇ ಜ್ವರ. ಬೆಳಿಗ್ಗೆ ಏಳ್ತವೆ. ನಾಳೆ ಬಿಟ್ಟು ನಾಡಿದ್ದು ಬನ್ನಿ ಸಾರ್.'

ತಾಯಿ ನಾಚಿಕೊಂಡು 'ಮೇಷ್ಟ್ರಿಗೇ ಹಂಗಂತಾರೇನೇ?' ಎಂದು ಗದರಿದರು. ಹುಡುಗಿ ಕದಲಲಿಲ್ಲ. ನಾನು ಅಂಗಳದಲ್ಲೇ ನಿಂತು, ಕೊಟ್ಟ ಮಜ್ಜಿಗೆ ಕುಡಿದು, ಮಧುಗಿರಿ ಬಸ್ಸು ಹಿಡಿದೆ.